ಚಳಿಗಾಲದ ಜಲ್ಲಿ ದಾರಿ, ಕೈಯಲ್ಲಿ ಸಾದಾ ಬೈಕ್: ಕೊಡಗಿನ ಬೆಟ್ಟ ಹತ್ತಿ ಇಳಿಯುವುದು ಹೇಗೆ?

ಡಿಸೆಂಬರ್ ಬಂತೆಂದರೆ ಕೊಡಗಿನ ಕಡೆ ಬೈಕುಗಳ ಸಾಲು ಶುರು. ಮಳೆ ನಿಂತಿರುತ್ತದೆ, ಆಕಾಶ ತಿಳಿಯಾಗಿರುತ್ತದೆ, ಹಾಗಾಗಿ ದಾರಿಯೂ ಒಣಗಿ ಸಲೀಸಾಗಿರುತ್ತದೆ ಅಂತ ಬಹಳ ಜನ ಅಂದುಕೊಳ್ಳುತ್ತಾರೆ. ಟಾರು ರಸ್ತೆಯ ಮಟ್ಟಿಗೆ ಅದು ಸರಿ. ಆದರೆ ಮಡಿಕೇರಿ, ಸೋಮವಾರಪೇಟೆ, ವಿರಾಜಪೇಟೆಯ ದೊಡ್ಡ ರಸ್ತೆ ಬಿಟ್ಟು ಬೆಟ್ಟದ ಒಳದಾರಿಗೆ ತಿರುಗಿದ ಮೇಲೆ ಲೆಕ್ಕವೇ ಬೇರೆ.

ಮೊದಲು ಒಂದು ಮಾತು. ಇದಕ್ಕೆ ಲಕ್ಷಾಂತರ ರೂಪಾಯಿಯ ಅಡ್ವೆಂಚರ್ ಬೈಕ್ ಬೇಕಿಲ್ಲ. ತೋಟದ ಲೈನ್ ಮನೆಗಳಿಗೆ (ಕೆಲಸದವರ ಸಾಲು ಮನೆಗಳು), ಬೆಟ್ಟದ ಮೇಲಿನ ಒಂಟಿ ಮನೆಗಳಿಗೆ ಇಲ್ಲಿನ ಜನ ದಿನಾ 100, 125, 150 ಸಿಸಿ ಬೈಕಿನಲ್ಲೇ ಹೋಗಿ ಬರುತ್ತಾರೆ. ಹಿಂದೆ ಅಕ್ಕಿ ಮೂಟೆಯೂ ಇರುತ್ತದೆ. ಅವರು ಓಡಿಸುವುದನ್ನು ಸ್ವಲ್ಪ ಗಮನಿಸಿ. ನಿಧಾನ, ಆದರೆ ಎಲ್ಲೂ ತಡವರಿಕೆ ಇಲ್ಲ. ಕಣ್ಣು ಮುಂದಿನ ತಿರುವಿನ ನೆಲದ ಮೇಲಿರುತ್ತದೆ, ತಿರುವು ಬರುವ ಮೊದಲೇ ವೇಗ ಇಳಿದಿರುತ್ತದೆ. ಈ ಲೇಖನದಲ್ಲಿ ಹೇಳುವುದೆಲ್ಲ ಹೆಚ್ಚುಕಡಿಮೆ ಅದನ್ನೇ.

ಜಲ್ಲಿ ಯಾಕೆ ಜಾರುತ್ತದೆ?

ಜೂನ್‌ನಿಂದ ಸುರಿಯುವ ಮಳೆ ದಾರಿಯ ಮೇಲಿನ ಸಣ್ಣ ಮಣ್ಣನ್ನೆಲ್ಲ ಕೊಚ್ಚಿಕೊಂಡು ಹೋಗುತ್ತದೆ. ಕಲ್ಲುಗಳು ಮಾತ್ರ ಉಳಿಯುತ್ತವೆ, ಹಿಡಿತವಿಲ್ಲದೆ. ಮಳೆ ಮುಗಿದು ಕಾಫಿ ಕೊಯ್ಲು ಶುರುವಾಗುವ ಹೊತ್ತಿಗೆ ಪಿಕಪ್, ಟ್ರ್ಯಾಕ್ಟರ್ ಓಡಾಡಬೇಕಲ್ಲ, ಹೊಂಡಗಳಿಗೆ ಹೊಸ ಜಲ್ಲಿ ಬೀಳುತ್ತದೆ. ಅದು ಇನ್ನೂ ಕೂತಿರುವುದಿಲ್ಲ. ಕಡಿದಾದ ಕಡೆಗಳಲ್ಲಿ ಕಾಂಕ್ರೀಟ್ ಹಾಕಿರುತ್ತಾರೆ, ಅದು ಕಂಡರೆ ಸಮಾಧಾನ ಅನಿಸುತ್ತದೆ. ಆದರೆ ಕಾಂಕ್ರೀಟಿನ ಮೇಲೆ ಚೆಲ್ಲಿದ ನಾಲ್ಕು ಜಲ್ಲಿ ಕಲ್ಲು ಪೂರ್ತಿ ಜಲ್ಲಿ ದಾರಿಗಿಂತ ಅಪಾಯ: ಗಟ್ಟಿ ನೆಲದ ಮೇಲೆ ಗೋಲಿಗಳ ಹಾಗೆ ಉರುಳುತ್ತವೆ. ಕಾಂಕ್ರೀಟ್ ಮುಗಿಯುವ ಅಂಚೂ ಅಷ್ಟೇ. ನೀರು ಕೊರೆದು ಅಲ್ಲಿ ಅರ್ಧ ಅಡಿ ಇಳಿತ ಇರಬಹುದು. ಮುಂದಿನ ಚಕ್ರ ನೇರವಾಗಿದ್ದಾಗ ಮಾತ್ರ ಅದನ್ನು ಇಳಿಸಿ.

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು ಕಡೆ ಗುಡ್ಡ ಕುಸಿದದ್ದು ಎಲ್ಲರಿಗೂ ನೆನಪಿದೆ. ಈ ಬೆಟ್ಟಗಳ ಮಣ್ಣು ಸಡಿಲ. ದಾರಿಯ ಕೆಳಬದಿಯ ಅಂಚು ಹುಲ್ಲು ಮುಚ್ಚಿಕೊಂಡು ಗಟ್ಟಿಯಾಗಿ ಕಂಡರೂ ಅದರ ಮೇಲೆ ಬೈಕಿನ ಭಾರ ಹಾಕಬೇಡಿ. ಜೀಪಿಗೆ ದಾರಿ ಬಿಡಬೇಕಾದರೆ ಮೇಲುಬದಿಗೆ, ಅಂದರೆ ಗುಡ್ಡದ ಪಕ್ಕಕ್ಕೆ ಸರಿಯಿರಿ. ಅಲ್ಲೂ ಚರಂಡಿ ಇದೆಯಾ ನೋಡಿಕೊಳ್ಳಿ.

ಹೊತ್ತು ನೋಡಿ ಹೊರಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ ಇದು. ಬೈಕ್ ಯಾವುದು ಅನ್ನುವುದಕ್ಕಿಂತಲೂ. ಬೆಳಿಗ್ಗೆ ಏಳಕ್ಕೆ, ಹನ್ನೊಂದಕ್ಕೆ, ಸಂಜೆ ಐದಕ್ಕೆ ಒಂದೇ ದಾರಿ ಮೂರು ಥರ ಇರುತ್ತದೆ.

ಡಿಸೆಂಬರ್, ಜನವರಿಯಲ್ಲಿ ಮಡಿಕೇರಿ ಸುತ್ತ ಮುಂಜಾನೆ ಚಳಿ ಸುಮಾರು 10ರಿಂದ 12 ಡಿಗ್ರಿಗೆ ಇಳಿಯುವುದುಂಟು. ರಾತ್ರಿಯಿಡೀ ಮರಗಳಿಂದ ಇಬ್ಬನಿ ತೊಟ್ಟಿಕ್ಕಿ, ಮಳೆಯೇ ಬಂದಿಲ್ಲದಿದ್ದರೂ ಮರದಡಿಯ ದಾರಿ ಒದ್ದೆಯಾಗಿರುತ್ತದೆ. ಕೆಂಪು ಧೂಳಿನ ಮೇಲೆ ಇಬ್ಬನಿ ಬಿದ್ದರೆ ಮೇಲ್ಪದರ ಮಾತ್ರ ನೆನೆದು ತೆಳುವಾದ ಕೆಸರಾಗುತ್ತದೆ, ಕೆಳಗೆ ಒಣ ಪುಡಿಯೇ ಇರುತ್ತದೆ, ಬ್ರೇಕ್ ಹಿಡಿದ ತಕ್ಷಣ ಆ ಮೇಲ್ಪದರ ಟಯರಿನ ಜೊತೆಗೇ ಜಾರಿಕೊಂಡು ಬರುತ್ತದೆ. ಸಿಲ್ವರ್ ಓಕ್ ಎಲೆಗಳು ರಾಶಿ ಬಿದ್ದಿದ್ದರೆ ಅಡಿಯಲ್ಲಿ ಕಲ್ಲಿದೆಯೋ ಹೊಂಡವಿದೆಯೋ ಗೊತ್ತಾಗುವುದಿಲ್ಲ. ಬೆಟ್ಟದ ಪೂರ್ವ ಮಗ್ಗುಲಿಗೆ ಬೇಗ ಬಿಸಿಲು ಬೀಳುತ್ತದೆ, ಪಶ್ಚಿಮದ ಮಗ್ಗುಲು ಹತ್ತಾದರೂ ಒಣಗಿರುವುದಿಲ್ಲ. ಹಾಗಾಗಿ ಹತ್ತುವಾಗ ಒಣಗಿದ ದಾರಿ ಸಿಕ್ಕಿತು ಅಂತ ಆಚೆ ಬದಿ ಇಳಿಯುವಾಗಲೂ ಅದೇ ಧೈರ್ಯ ಬೇಡ.

ಟಾರು ದಾರಿಯನ್ನು ಬೆಳಿಗ್ಗೆ ಮುಗಿಸಿ, ಕಾಫಿ ತಿಂಡಿ ಆದ ಮೇಲೆ, ಒಂಬತ್ತೂವರೆ ಹತ್ತರ ಸುಮಾರಿಗೆ ಜಲ್ಲಿಗೆ ಇಳಿಯಿರಿ. ಸಂಜೆ ನಾಲ್ಕೂವರೆಗೆ ಮತ್ತೆ ಟಾರಿಗೆ ಬಂದುಬಿಡಿ. ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ ನಿಜ, ಆದರೆ ಕಣಿವೆಯ ದಾರಿಗೆ ಅದಕ್ಕೂ ಬಹಳ ಮೊದಲೇ ನೆರಳು ಬರುತ್ತದೆ. ಆನೆಗಳು ಕಾಡಿನಿಂದ ತೋಟಕ್ಕೆ ದಾಟುವುದೂ ಮುಂಜಾನೆ ಮತ್ತು ಮುಸ್ಸಂಜೆಯಲ್ಲೇ ಜಾಸ್ತಿ.

ಬೆಳಿಗ್ಗೆ ಮಂಜಿನಲ್ಲೇ ಸಾಗಬೇಕಾಗಿ ಬಂದರೆ ಹೆಡ್‌ಲೈಟ್ ಡಿಮ್‌ನಲ್ಲಿರಲಿ. ಹೈ ಬೀಮ್ ಹಾಕಿದರೆ ಮಂಜೇ ಬೆಳಕನ್ನು ವಾಪಸ್ ಕಣ್ಣಿಗೆ ಎಸೆಯುತ್ತದೆ. ಹೆಲ್ಮೆಟ್ಟಿನ ಗಾಜನ್ನು ಒಂದು ಬೆರಳಿನಷ್ಟು ತೆರೆದಿಡಿ, ಇಲ್ಲದಿದ್ದರೆ ಉಸಿರಿನ ಆವಿ ಕೂತು ಏನೂ ಕಾಣುವುದಿಲ್ಲ.

ಹೊರಡುವ ಮೊದಲು ಬೈಕಿಗೆ ಏನು ಮಾಡಬೇಕು

ಟಯರ್ ಗಾಳಿ. ಕಂಪನಿ ಹೇಳಿದ ಅಳತೆ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರವನ್ನು ಹಿಡಿದಿರುವ ಉದ್ದನೆಯ ಕಂಬಿ) ಮೇಲಿನ ಸ್ಟಿಕ್ಕರಿನಲ್ಲಿರುತ್ತದೆ. ಜಲ್ಲಿ ಶುರುವಾಗುವ ಕಡೆ ಅದರಲ್ಲಿ 3ರಿಂದ 4 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಸಿ. ಟಯರ್ ಸ್ವಲ್ಪ ಅಗಲವಾಗಿ ನೆಲ ಹಿಡಿಯುತ್ತದೆ, ಕಲ್ಲಿನ ಮೇಲೆ ಪುಟಿಯುವುದೂ ಕಡಿಮೆಯಾಗುತ್ತದೆ. ಅದಕ್ಕಿಂತ ಜಾಸ್ತಿ ಇಳಿಸಬೇಡಿ. ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಕಚ್ಚಿಹೋಗುತ್ತದೆ, ಅಲಾಯ್ ಚಕ್ರವಾದರೆ ರಿಮ್ಮೇ ಬಿರುಕು ಬಿಡಬಹುದು. ಚಳಿಗೆ ಗಾಳಿಯ ಒತ್ತಡ ತಾನಾಗಿಯೇ ಇಳಿಯುತ್ತದೆ ಅನ್ನುವುದೂ ನೆನಪಿರಲಿ. ಸುಮಾರು 5ರಿಂದ 6 ಡಿಗ್ರಿ ಚಳಿ ಹೆಚ್ಚಿದರೆ ಒಂದು ಪಿಎಸ್‌ಐ ಹೋಗುತ್ತದೆ. ಬೆಂಗಳೂರಿನ ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿಸಿದ ಗಾಳಿ ಮಾರನೇ ದಿನ ಬೆಳಿಗ್ಗೆ ಕೊಡಗಿನಲ್ಲಿ ಅಷ್ಟೇ ಇರುವುದಿಲ್ಲ. ಹಾಗಾಗಿ ಗೇಜ್ ಹಿಡಿದು ಅಳೆದೇ ಇಳಿಸಿ. ಇನ್ನೂರು ಮುನ್ನೂರು ರೂಪಾಯಿಯ ಗೇಜ್, ಒಂದು ಕಾಲು ಪಂಪ್, ಪಂಕ್ಚರ್ ಕಿಟ್ ಜೊತೆಗಿರಲಿ. ಟ್ಯೂಬ್ ಟಯರ್ ಆಗಿದ್ದರೆ ಒಂದು ಹೊಸ ಟ್ಯೂಬ್. ಕ್ಲಚ್ ಕೇಬಲ್ ಕೂಡ ಒಂದು ಇಟ್ಟುಕೊಳ್ಳಿ.

ಮುಂದಿನ ಮಡ್‌ಗಾರ್ಡ್ ಟಯರಿಗೆ ತೀರಾ ಹತ್ತಿರವಿದ್ದರೆ ಜೇಡಿ ಮಣ್ಣು ತುಂಬಿಕೊಂಡು ಚಕ್ರವೇ ನಿಲ್ಲಬಹುದು, ಆಗಾಗ ಕಡ್ಡಿಯಿಂದ ಕೆರೆದು ತೆಗೆಯಿರಿ. ಸಾಮಾನನ್ನು ಸೀಟಿನ ಎರಡು ಬದಿಗೆ, ತಗ್ಗಿನಲ್ಲಿ ಕಟ್ಟಿ. ಬೆನ್ನಿನ ಮೇಲೆ ಭಾರದ ಬ್ಯಾಗ್ ಬೇಡ. ಪೆಟ್ರೋಲ್ ಪೇಟೆಯಲ್ಲೇ ತುಂಬಿಸಿ.

ಕೈಗೆ ಗ್ಲೌಸ್ ಇಲ್ಲದೆ ಹೋಗಲೇಬೇಡಿ. ಇದನ್ನು ಚಳಿಯ ಸುಖಕ್ಕಾಗಿ ಹೇಳುತ್ತಿಲ್ಲ. ಬೆರಳು ಮರಗಟ್ಟಿದರೆ ಬ್ರೇಕ್ ಎಷ್ಟು ಹಿಡಿದಿದ್ದೀರಿ ಅನ್ನುವುದು ಕೈಗೇ ತಿಳಿಯುವುದಿಲ್ಲ, ಜಲ್ಲಿಯಲ್ಲಿ ಆ ಅಂದಾಜೇ ಎಲ್ಲ.

ಹತ್ತುವಾಗ

ಏರು ಶುರುವಾಗುವ ಮೊದಲೇ ಗೇರ್ ಇಳಿಸಿಕೊಳ್ಳಿ. ಒಂದು ಅಥವಾ ಎರಡು. ಅರ್ಧದಲ್ಲಿ ಗೇರ್ ಬದಲಿಸಲು ಹೋದರೆ ಓಟ ಕಡಿದುಹೋಗುತ್ತದೆ. ಆಕ್ಸಿಲರೇಟರ್ ಒಂದೇ ಸಮ ಇರಲಿ, ಒಮ್ಮೆಲೇ ತಿರುಗಿಸಿದರೆ ಹಿಂದಿನ ಚಕ್ರ ಇದ್ದಲ್ಲೇ ಸುತ್ತಿ ಗುಂಡಿ ತೋಡುತ್ತದೆ. ಹ್ಯಾಂಡಲ್ ಗಟ್ಟಿಯಾಗಿ ಹಿಡಿಯಬೇಡಿ. ಜಲ್ಲಿಯಲ್ಲಿ ಮುಂದಿನ ಚಕ್ರ ಆಚೀಚೆ ಅಲುಗಾಡುವುದು ಸಹಜ, ಅಲುಗಾಡಲು ಬಿಡಿ, ಓಟವಿದ್ದರೆ ಅದೇ ನೇರವಾಗುತ್ತದೆ. ಮೊಣಕಾಲುಗಳಿಂದ ಟ್ಯಾಂಕ್ ಒತ್ತಿ ಹಿಡಿದರೆ ಕೈ ತಾನಾಗಿ ಸಡಿಲವಾಗುತ್ತದೆ.

ಅಡ್ವೆಂಚರ್ ಬೈಕಿನವರು ಪೂರ್ತಿ ಎದ್ದು ನಿಂತು ಓಡಿಸುತ್ತಾರೆ. ಸಾದಾ ಬೈಕಿನ ಹ್ಯಾಂಡಲ್ ತಗ್ಗಿನಲ್ಲಿರುತ್ತದೆ, ಹಾಗೆ ನಿಂತರೆ ಬೆನ್ನು ಬಾಗಿ ಭಾರವೆಲ್ಲ ಕೈಮೇಲೆ ಬೀಳುತ್ತದೆ. ಸೀಟಿನಿಂದ ಎರಡು ಇಂಚು ಎದ್ದರೆ ಸಾಕು. ಭಾರ ಫುಟ್‌ರೆಸ್ಟ್ ಮೇಲೆ ಬಂದರೆ ಕೆಳಗೆ ಬೈಕ್ ಕುಣಿದರೂ ನೀವು ಕುಣಿಯುವುದಿಲ್ಲ.

ಏರಿನ ನಡುವೆ ಎಂಜಿನ್ ನಿಂತರೆ ಗಾಬರಿ ಬೇಡ. ಹಾಗಾದಾಗ ಮುಂದಿನ ಬ್ರೇಕ್ ಒಂದನ್ನೇ ನಂಬಬೇಡಿ. ಭಾರವೆಲ್ಲ ಹಿಂದಿನ ಚಕ್ರದ ಮೇಲಿರುವುದರಿಂದ ಮುಂದಿನ ಚಕ್ರ ಕಟ್ಟಿಕೊಂಡಿದ್ದರೂ ಬೈಕ್ ಹಿಂದಕ್ಕೆ ಜಾರಬಹುದು. ಬೈಕ್ ಒಂದನೇ ಗೇರಿನಲ್ಲೇ ಇರಲಿ, ಕ್ಲಚ್ ಬಿಟ್ಟುಬಿಡಿ, ಎಂಜಿನ್ನೇ ಹಿಂದಿನ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ. ಆಮೇಲೆ ಕ್ಲಚ್ಚನ್ನು ಚೂರುಚೂರೇ ಒತ್ತಿ ಬಿಡುತ್ತಾ, ಹ್ಯಾಂಡಲ್ ತಿರುಗಿಸಿ, ಬೈಕನ್ನು ಹಿಂದಕ್ಕೆ ಬಿಟ್ಟು ದಾರಿಗೆ ಅಡ್ಡ ನಿಲ್ಲಿಸಿ. ಬೈಕಿನಿಂದ ಇಳಿಯುವಾಗ ಯಾವಾಗಲೂ ಗುಡ್ಡದ ಬದಿಗೇ ಇಳಿಯಿರಿ.

ಇಳಿಯುವಾಗ

ಬೀಳುವುದು ಹೆಚ್ಚಾಗಿ ಇಲ್ಲಿ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ. ಕ್ಲಚ್ ಹಿಡಿದುಕೊಂಡು ಅಥವಾ ನ್ಯೂಟ್ರಲ್ ಮಾಡಿಕೊಂಡು ಇಳಿಯಲೇಬಾರದು, ಪೆಟ್ರೋಲ್ ಉಳಿಸುವ ಆಸೆಗಂತೂ ಬೇಡವೇ ಬೇಡ. ಎಂಜಿನ್ನೇ ಬೈಕನ್ನು ಹಿಡಿದುಕೊಂಡು ಬರಬೇಕು. ಹಿಂದಿನ ಬ್ರೇಕ್ ಮೆತ್ತಗೆ ಮುಟ್ಟುತ್ತಾ ಬನ್ನಿ. ಹಿಂದಿನ ಚಕ್ರ ಜಾರಿದರೆ ಬ್ರೇಕ್ ಬಿಟ್ಟ ಕೂಡಲೇ ಮತ್ತೆ ಸರಿಹೋಗುತ್ತದೆ. ಮುಂದಿನದು ಜಾರಿದರೆ ಸರಿಮಾಡಲು ಹೊತ್ತೇ ಸಿಗುವುದಿಲ್ಲ. ಹಾಗಂತ ಮುಂದಿನ ಬ್ರೇಕ್ ಮುಟ್ಟಲೇಬಾರದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಬೈಕ್ ನೇರವಾಗಿದ್ದಾಗ ಒಂದು ಬೆರಳಿನಲ್ಲಿ, ಮೆಲ್ಲಗೆ ಒತ್ತುತ್ತಾ ಹೋದರೆ ಅದು ಬೇಕೇ ಬೇಕು. ತಿರುವಿನೊಳಗೆ ಮಾತ್ರ ಬೇಡ.

ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಕಟ್ಟಿಕೊಳ್ಳದಂತೆ ತಡೆಯುವ ವ್ಯವಸ್ಥೆ) ಇದೆ ಅಂತ ಧೈರ್ಯ ಮಾಡುವವರಿದ್ದಾರೆ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆಲ್ಲ ಅದು ಕಡ್ಡಾಯ, ಒಳ್ಳೆಯದೇ. ಆದರೆ ಬಹಳಷ್ಟು ಬೈಕುಗಳಲ್ಲಿ ಅದು ಮುಂದಿನ ಚಕ್ರಕ್ಕೆ ಮಾತ್ರ. ಅಲ್ಲದೆ ಸಡಿಲ ಜಲ್ಲಿಯಲ್ಲಿ ಎಬಿಎಸ್ ಬ್ರೇಕನ್ನು ಮತ್ತೆ ಮತ್ತೆ ಬಿಡುತ್ತಾ ಹೋಗುವುದರಿಂದ ಬೈಕ್ ನಿಲ್ಲಲು ಹೆಚ್ಚು ದೂರ ಬೇಕಾಗುತ್ತದೆ. ಟಾರಿನ ಅಂದಾಜಿನಲ್ಲಿ ಬ್ರೇಕ್ ಹಿಡಿದರೆ ತಿರುವು ಮುಗಿದ ಮೇಲೆ ನಿಲ್ಲುತ್ತೀರಿ.

ತಿರುವಿನ ವಿಷಯ. ಜೀಪು, ಪಿಕಪ್ ಓಡಾಡಿ ಎರಡು ಗಟ್ಟಿ ಜಾಡು ಬಿದ್ದಿರುತ್ತದೆ, ನಡುವೆ ಸಡಿಲ ಜಲ್ಲಿ ದಿಬ್ಬವಾಗಿರುತ್ತದೆ. ಒಂದು ಜಾಡು ಆರಿಸಿಕೊಂಡು ಅದರಲ್ಲೇ ಉಳಿಯಿರಿ. ಜಾಡು ಬದಲಿಸಲೇಬೇಕಾದರೆ ನೇರ ದಾರಿಯಲ್ಲಿ, ನಿಧಾನಕ್ಕೆ. ಟಾರಿನಲ್ಲಿ ಬೈಕಿನ ಜೊತೆ ನಾವೂ ಒಳಕ್ಕೆ ವಾಲುತ್ತೇವೆ ಅಲ್ವಾ, ಜಲ್ಲಿಯಲ್ಲಿ ಹಾಗಲ್ಲ. ಬೈಕ್ ಬೇಕಾದಷ್ಟೇ ವಾಲಲಿ, ಮೈ ನೆಟ್ಟಗಿರಲಿ, ಹೊರಬದಿಯ ಫುಟ್‌ರೆಸ್ಟನ್ನು ಕಾಲಿನಿಂದ ಒತ್ತಿ. ಕಣ್ಣು ಪ್ರಪಾತದ ಅಂಚಿಗೆ ಹೋಗಬಾರದು. ಎಲ್ಲಿ ನೋಡುತ್ತೀರೋ ಬೈಕ್ ಅಲ್ಲಿಗೇ ಹೋಗುತ್ತದೆ.

ಹಿಂದೆ ಕೂತವರನ್ನು ಕಡಿದಾದ ಇಳಿಜಾರಿನಲ್ಲಿ ಇಳಿಸಿಬಿಡಿ. ನೂರಿನ್ನೂರು ಮೀಟರ್ ನಡೆದುಕೊಂಡು ಬರಲಿ, ಅದರಲ್ಲಿ ಮರ್ಯಾದೆ ಹೋಗುವಂಥದ್ದು ಏನೂ ಇಲ್ಲ.

ಜೀಪು, ಕೊಯ್ಲು, ಆನೆ

ಬೆಟ್ಟದ ಇಕ್ಕಟ್ಟು ದಾರಿಯಲ್ಲಿ ಹತ್ತುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು. ಇದು ಬರೀ ಸೌಜನ್ಯವಲ್ಲ, ಮೋಟಾರು ವಾಹನ ನಿಯಮವೇ ಹಾಗಿದೆ. ಮಾಂದಲಪಟ್ಟಿ ಕಡೆ ಪ್ರವಾಸಿಗರ ಜೀಪುಗಳು ಒಂದರ ಹಿಂದೆ ಒಂದು ಬರುತ್ತವೆ, ಅವುಗಳ ಧೂಳಿನಲ್ಲಿ ಮುಂದಿನ ಕಲ್ಲು ಕಾಣುವುದಿಲ್ಲ. ನಿಂತು, ಧೂಳು ಇಳಿದ ಮೇಲೆ ಹೊರಡಿ. ಕುರುಡು ತಿರುವಿನಲ್ಲಿ ಹಾರ್ನ್ ಮಾಡಿ. ಕೊಯ್ಲಿನ ದಿನಗಳಲ್ಲಿ ಕೆಲಸದವರನ್ನು ತುಂಬಿಕೊಂಡ ಪಿಕಪ್‌ಗಳು ಬೆಳಿಗ್ಗೆ ಮತ್ತು ಸಂಜೆ ಓಡಾಡುತ್ತವೆ, ಅವರ ಕೆಲಸದ ದಾರಿಯಲ್ಲಿ ನಾವು ಅಡ್ಡ ನಿಂತು ಫೋಟೊ ತೆಗೆಯಬಾರದು. ಹಲವು ಒಳದಾರಿಗಳು ಖಾಸಗಿ ತೋಟದ್ದು, ಕೇಳಿಯೇ ಹೋಗಿ. ಅರಣ್ಯ ಇಲಾಖೆಯ ಗೇಟಿನಲ್ಲಿ ಬೈಕ್ ಬಿಡುವುದಿಲ್ಲ ಅಂದರೆ ವಾದ ಬೇಡ.

ದಾರಿಯಲ್ಲಿ ಹಸಿ ಲದ್ದಿ ಕಂಡರೆ, ಬಿದಿರು ಅಥವಾ ಬೈನೆ ಮರ ಮುರಿದಿದ್ದರೆ, ಹತ್ತಿರದಲ್ಲೇ ಆನೆ ಇರಬಹುದು. ಎದುರು ಸಿಕ್ಕರೆ ದೂರದಲ್ಲೇ ನಿಲ್ಲಿಸಿ. ಹಾರ್ನ್, ರೇಸ್ ಯಾವುದೂ ಬೇಡ. ಜಾಗವಿದ್ದರೆ ಮೆಲ್ಲಗೆ ತಿರುಗಿಸಿ ವಾಪಸ್ ಬನ್ನಿ. ಹೊರಡುವ ಮೊದಲು ಅಂಗಡಿಯಲ್ಲಿ "ಅಣ್ಣ, ಈ ಕಡೆ ಆನೆ ಉಂಟಾ?" ಅಂತ ಕೇಳಿಬಿಡಿ. ಇಲ್ಲಿನವರಿಗೆ ಎಲ್ಲಿ, ಎಷ್ಟು ಹೊತ್ತಿಗೆ ಓಡಾಡುತ್ತಿದೆ ಅನ್ನುವುದು ಗೊತ್ತಿರುತ್ತದೆ.

ಬಿದ್ದರೆ ಮೊದಲು ಎಂಜಿನ್ ಆಫ್ ಮಾಡಿ. ಬೈಕಿಗೆ ಬೆನ್ನು ಕೊಟ್ಟು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಹಿಡಿ ಹಿಡಿದು, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಹಾಕುತ್ತಾ ಎತ್ತಿ. ಸೊಂಟ ಬಗ್ಗಿಸಿ ಎಳೆಯಬೇಡಿ. ಬ್ರೇಕ್ ಲಿವರ್ ಮತ್ತು ಪೆಡಲ್ ಬಾಗಿಲ್ಲ ಅಂತ ನೋಡಿಯೇ ಹೊರಡಿ. ಪೆಟ್ಟಾಗಿದ್ದರೆ 108ಕ್ಕೆ ಫೋನ್ ಮಾಡಬಹುದು, ಆದರೆ ಕಣಿವೆಯಲ್ಲಿ ಸಿಗ್ನಲ್ ಸಿಗದ ಜಾಗ ಬಹಳ. ಅದಕ್ಕೇ ಒಬ್ಬರೇ ಹೋಗಬೇಡಿ, ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಹೋಂಸ್ಟೇಯವರಿಗೆ ಹೇಳಿರಿ.

ಟಾರಿಗೆ ಬಂದ ಮೇಲೆ ಗಾಳಿಯನ್ನು ಮತ್ತೆ ಕಂಪನಿ ಅಳತೆಗೆ ತುಂಬಿಸಿ. ಕಡಿಮೆ ಗಾಳಿಯಲ್ಲೇ ಸಂಪಾಜೆ ಘಾಟಿಗೆ ಇಳಿದರೆ ತಿರುವುಗಳಲ್ಲಿ ಬೈಕ್ ಓಲಾಡುತ್ತದೆ. ಟಯರ್ ಗೆರೆಗಳಲ್ಲಿ ಸಿಕ್ಕಿದ ಕಲ್ಲು ತೆಗೆಯಿರಿ, ಧೂಳು ಮೆತ್ತಿದ ಚೈನ್ ಒರೆಸಿ ಎಣ್ಣೆ ಹಾಕಿ, ವೇಗ ಹೆಚ್ಚಿಸುವ ಮೊದಲು ಬ್ರೇಕನ್ನು ಎರಡು ಸಲ ಹಿಡಿದು ನೋಡಿ.