ಮೂಲ ಚಿತ್ರವನ್ನು ಮುಟ್ಟದೆ ಫೋಟೊ ತಿದ್ದುವುದು ಹೇಗೆ?

ಫೋಟೊ ಒಂದರ ಬೆಳಕಾದ ಭಾಗದಲ್ಲಿ ಅಕ್ಕಪಕ್ಕದ ಮೂರು ಪಿಕ್ಸೆಲ್‌ಗಳ ಹೊಳಪಿನ ಬೆಲೆ 230, 240 ಮತ್ತು 250 ಎಂದಿಟ್ಟುಕೊಳ್ಳೋಣ. ಜೆಪೆಗ್ ಫೈಲ್‌ನಲ್ಲಿ ಈ ಬೆಲೆ 0ಯಿಂದ 255ರ ಒಳಗೇ ಇರಬೇಕು. ಚಿತ್ರ ಮಂಕಾಗಿದೆಯೆಂದು ಮೂರಕ್ಕೂ 30 ಕೂಡಿಸಿದರೆ ಮೂರೂ 255ಕ್ಕೆ ಹೋಗಿ ನಿಲ್ಲುತ್ತವೆ. ಹಾಗೆಯೇ ಸೇವ್ ಮಾಡಿ, ಮರುದಿನ ಬೆಳಕು ಹೆಚ್ಚಾಯಿತೆನಿಸಿ 30 ಕಳೆದರೆ ಸಿಗುವುದು 225, 225, 225. ಮೊದಲು ಮೂರು ಬೇರೆ ಬೇರೆ ಛಾಯೆಗಳಿದ್ದ ಕಡೆ ಈಗ ಒಂದೇ ಬಣ್ಣದ ತೇಪೆ ಉಳಿದಿದೆ. ಮೋಡದ ಅಂಚು, ಬಿಳಿ ಬಟ್ಟೆಯ ನೆರಿಗೆ, ಹಣೆಯ ಮೇಲಿನ ಹೊಳಪು ಮೊದಲು ಕಳೆದುಹೋಗುವುದು ಹೀಗೆಯೇ. ಸೇವ್ ಮಾಡಿ ಮುಚ್ಚಿದ ಮೇಲೆ ಅದನ್ನು ಮರಳಿ ತರಬಲ್ಲ ಸಾಧನ ಯಾವುದೂ ಇಲ್ಲ.

ಮೂಲಕ್ಕೆ ಧಕ್ಕೆ ತಾರದ ತಿದ್ದುಪಡಿಯ ತತ್ವ ಸರಳವಾದುದು. ಚಿತ್ರವನ್ನು ಬದಲಿಸುವ ಬದಲು, ಅದನ್ನು ಹೇಗೆ ಬದಲಿಸಬೇಕು ಎಂಬ ಸೂಚನೆಯನ್ನಷ್ಟೇ ಬರೆದಿಡುವುದು. ಕಂಪ್ಯೂಟರ್ ಪ್ರತಿ ಸಲವೂ ಮೂಲ ಫೈಲ್ ತೆರೆದು, ಆ ಸೂಚನೆಗಳನ್ನು ಅದರ ಮೇಲೆ ಅನ್ವಯಿಸಿ, ಫಲಿತಾಂಶವನ್ನು ಪರದೆಯ ಮೇಲೆ ತೋರಿಸುತ್ತದೆ. ಹಾಗಾಗಿ ಕಾಪಾಡಿಕೊಳ್ಳಬೇಕಾದದ್ದು ಮೂಲ ಫೈಲ್ ಮತ್ತು ಸೂಚನೆ ಎರಡನ್ನೇ. ಅವುಗಳಿಂದ ಹುಟ್ಟುವ ಸಿದ್ಧ ಚಿತ್ರವನ್ನು ಬೇಕಾದಾಗ ಮತ್ತೆ ತಯಾರಿಸಿಕೊಳ್ಳಬಹುದು.

ಮೊದಲು ಮೂಲದ ಭದ್ರತೆ

ಕ್ಯಾಮೆರಾದಲ್ಲಿ ಅನುಕೂಲವಿದ್ದರೆ ಸೆನ್ಸರ್ ದಾಖಲಿಸಿದ ಮಾಹಿತಿಯನ್ನು ಸಂಸ್ಕರಿಸದೆ ಇಟ್ಟುಕೊಳ್ಳುವ ರಾ ಫೈಲ್‌ನಲ್ಲಿಯೇ ಚಿತ್ರ ತೆಗೆಯಿರಿ. ಜೆಪೆಗ್ ಪ್ರತಿ ಬಣ್ಣದ ವಾಹಿನಿಗೆ 8 ಬಿಟ್, ಅಂದರೆ 256 ಹಂತಗಳನ್ನು ಮಾತ್ರ ಇಟ್ಟುಕೊಂಡರೆ, 12 ಬಿಟ್‌ನ ರಾ ಫೈಲ್‌ನಲ್ಲಿ 4096 ಹಂತಗಳೂ 14 ಬಿಟ್‌ನದ್ದರಲ್ಲಿ 16,384 ಹಂತಗಳೂ ಇರುತ್ತವೆ. ನೆರಳಿನ ಭಾಗವನ್ನು ಮೇಲಕ್ಕೆತ್ತುವಾಗ ಈ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಇನ್ನೊಂದು ಅನುಕೂಲವೂ ಇದೆ: ತಿದ್ದುವ ತಂತ್ರಾಂಶಗಳು ಕ್ಯಾಮೆರಾ ತಯಾರಕರ ರಾ ಫೈಲ್‌ನ ಚಿತ್ರಭಾಗದೊಳಕ್ಕೆ ಬರೆಯುವ ಗೋಜಿಗೆ ಹೋಗುವುದಿಲ್ಲವಾದ್ದರಿಂದ, ಅಪ್ಪಿತಪ್ಪಿ ಅದರ ಮೇಲೆಯೇ ಸೇವ್ ಮಾಡಿಬಿಡುವ ಭಯವಿರುವುದಿಲ್ಲ. ಹಾಗೆಂದು ಜೆಪೆಗ್ ಮಾತ್ರ ಇರುವವರಿಗೆ ಈ ಕ್ರಮ ನಿಷಿದ್ಧವೇನಲ್ಲ. ಅವರಿಗೆ ಇದರ ಅಗತ್ಯ ಇನ್ನೂ ಹೆಚ್ಚು ಎಂದೇ ಹೇಳಬೇಕು.

ಮೆಮೊರಿ ಕಾರ್ಡ್‌ನಿಂದ ಚಿತ್ರಗಳನ್ನು ಕಾಪಿ ಮಾಡಿ, ಕಟ್ ಮಾಡಬೇಡಿ. ವರ್ಗಾವಣೆ ನಡುವೆ ನಿಂತರೆ ಕಾರ್ಡ್‌ನಲ್ಲಿರುವ ಪ್ರತಿಯೇ ಆಸರೆ. ಎರಡು ಬೇರೆ ಡಿಸ್ಕ್‌ಗಳಿಗೆ ಪ್ರತಿ ಹೋಗಿ, ಅವುಗಳಲ್ಲಿ ನಾಲ್ಕಾರು ಫೈಲ್‌ಗಳನ್ನು ತೆರೆದು ನೋಡಿದ ಮೇಲಷ್ಟೇ ಕಾರ್ಡ್ ಫಾರ್ಮ್ಯಾಟ್ ಮಾಡಬೇಕು. ಒಟ್ಟು ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಬೇರೆ ಸ್ಥಳದಲ್ಲಿ ಎಂಬ 3-2-1 ನಿಯಮ ಫೋಟೊಗಳಿಗೂ ಸಲ್ಲುತ್ತದೆ. ಫೋಲ್ಡರ್‌ಗೆ 2025-03-14 ಎಂಬಂತೆ ವರ್ಷ, ತಿಂಗಳು, ದಿನದ ಕ್ರಮದಲ್ಲಿ ಹೆಸರಿಟ್ಟು ಜೊತೆಗೆ ವಿಷಯ ಸೂಚಿಸುವ ಒಂದು ಪದ ಸೇರಿಸಿದರೆ, ಫೋಲ್ಡರ್‌ಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ಜೋಡಣೆಯಾಗುತ್ತವೆ.

ಸೂಚನೆ ಉಳಿಯುವುದು ಎಲ್ಲಿ?

ಹೆಚ್ಚಿನವರು ಕೇಳದೆಯೇ ಬಿಡುವ ಪ್ರಶ್ನೆ ಇದು. ನನ್ನ ಮಟ್ಟಿಗೆ ಇಡೀ ಕ್ರಮದಲ್ಲಿ ಇದಕ್ಕಿಂತ ಮುಖ್ಯವಾದ ಪ್ರಶ್ನೆಯಿಲ್ಲ. ಸೂಚನೆಗಳನ್ನು ಇಡುವ ಜಾಗಗಳು ಮುಖ್ಯವಾಗಿ ಎರಡು. ಒಂದು, ಎಲ್ಲ ಚಿತ್ರಗಳ ಲೆಕ್ಕವನ್ನೂ ಒಂದೆಡೆ ಬರೆದಿಡುವ ಕ್ಯಾಟಲಾಗ್ ಎಂಬ ದತ್ತಸಂಚಯ. ಇನ್ನೊಂದು, ಪ್ರತಿ ಚಿತ್ರದ ಪಕ್ಕದಲ್ಲಿ ಅದೇ ಹೆಸರಿನಿಂದ ಕೂರುವ ಪುಟ್ಟ ಪಠ್ಯ ಫೈಲ್; ಇದನ್ನು ಸೈಡ್‌ಕಾರ್ ಎನ್ನುತ್ತಾರೆ. ಅಡೋಬಿಯ ಫೋಟೊ ತಿದ್ದುವ ತಂತ್ರಾಂಶವಾದ ಲೈಟ್‌ರೂಮ್ ಕ್ಲಾಸಿಕ್ ಕ್ಯಾಟಲಾಗನ್ನೇ ನೆಚ್ಚಿಕೊಂಡಿದ್ದು, ನಾವು ಕೇಳಿದರೆ ಎಕ್ಸ್‌ಎಂಪಿ ಎಂಬ ರೂಪದ ಸೈಡ್‌ಕಾರ್‌ನಲ್ಲಿಯೂ ಬರೆಯುತ್ತದೆ. ಉಚಿತ ತಂತ್ರಾಂಶವಾದ ಡಾರ್ಕ್‌ಟೇಬಲ್ ತನ್ನ ದತ್ತಸಂಚಯ ಮತ್ತು ಎಕ್ಸ್‌ಎಂಪಿ ಎರಡನ್ನೂ ಬಳಸುತ್ತದೆ. ಇನ್ನೊಂದು ಉಚಿತ ತಂತ್ರಾಂಶವಾದ ರಾ ಥೆರಪಿ ಪಿಪಿ3 ಎಂಬ ತನ್ನದೇ ಸೈಡ್‌ಕಾರ್ ಬರೆಯುತ್ತದೆ.

ಒಂದು ಎಕ್ಸ್‌ಎಂಪಿ ಫೈಲನ್ನು ಸಾದಾ ಟೆಕ್ಸ್ಟ್ ಎಡಿಟರ್‌ನಲ್ಲಿ ಒಮ್ಮೆ ತೆರೆದು ನೋಡಿ. ಲೈಟ್‌ರೂಮ್ ಬರೆದದ್ದಾದರೆ ಎಕ್ಸ್‌ಪೋಷರ್ (ಒಟ್ಟಾರೆ ಬೆಳಕು) ಎಷ್ಟು, ಕಾಂಟ್ರಾಸ್ಟ್ ಎಷ್ಟು, ಕ್ರಾಪ್‌ನ ಅಂಚುಗಳು ಎಲ್ಲಿ ಎಂಬುದು ಅಂಕಿಗಳಲ್ಲಿ ಸಾಲಾಗಿ ಕಾಣುತ್ತದೆ. ಗಂಟೆಗಟ್ಟಲೆ ಕೂತು ಮಾಡಿದ ಕೆಲಸವೆಲ್ಲ ಕೆಲವೇ ಕಿಲೋಬೈಟ್‌ಗಳ ಪಠ್ಯ ಎಂಬುದು ಮನವರಿಕೆಯಾದರೆ, ಈ ಫೈಲನ್ನು ಕಸವೆಂದು ಅಳಿಸುವ ಕೈ ತಾನಾಗಿ ಹಿಂಜರಿಯುತ್ತದೆ. ಒಂದು ತಂತ್ರಾಂಶದ ಸೂಚನೆಗಳನ್ನು ಇನ್ನೊಂದು ಪೂರ್ತಿಯಾಗಿ ಅರ್ಥಮಾಡಿಕೊಳ್ಳುವುದಿಲ್ಲವೆಂಬುದೂ ನೆನಪಿರಲಿ. ಆದ್ದರಿಂದ ಒಂದನ್ನು ಆರಿಸಿಕೊಂಡು ಅದಕ್ಕೆ ಅಂಟಿಕೊಳ್ಳುವುದೇ ಲೇಸು.

ಚಿತ್ರಗಳು ಕ್ಯಾಟಲಾಗ್‌ನೊಳಗೆ ಇರುವುದಿಲ್ಲ. ಅವು ಎಲ್ಲಿವೆ ಎಂಬ ವಿಳಾಸ ಮಾತ್ರ ಅದರಲ್ಲಿರುತ್ತದೆ. ಇದನ್ನು ನಾನು ಕಲಿತದ್ದು ಕೈ ಸುಟ್ಟುಕೊಂಡು. ಡಿಸ್ಕ್ ಅಚ್ಚುಕಟ್ಟು ಮಾಡುವ ಉತ್ಸಾಹದಲ್ಲಿ ಫೈಲ್ ಮ್ಯಾನೇಜರ್‌ನಿಂದಲೇ ಹತ್ತಾರು ಫೋಲ್ಡರ್‌ಗಳ ಹೆಸರು ಬದಲಿಸಿ, ರಾ ಫೈಲ್‌ಗಳನ್ನಷ್ಟೇ ಆರಿಸಿ ಹೊಸ ಜಾಗಕ್ಕೆ ಸಾಗಿಸಿದ್ದೆ. ಸೈಡ್‌ಕಾರ್‌ಗಳು ಹಳೆಯ ಜಾಗದಲ್ಲೇ ಉಳಿದವು. ಕ್ಯಾಟಲಾಗ್ ತೆರೆದಾಗ ಪ್ರತಿ ಚಿತ್ರದ ಮೇಲೂ ಪ್ರಶ್ನಾರ್ಥಕ ಚಿಹ್ನೆ. ಎಲ್ಲವನ್ನೂ ಮತ್ತೆ ಜೋಡಿಸಲು ಎರಡು ಸಂಜೆಗಳು ಬೇಕಾದವು. ಹೆಸರು ಬದಲಿಸುವುದು, ಸಾಗಿಸುವುದು, ಅಳಿಸುವುದು ಇವೆಲ್ಲ ಆ ತಂತ್ರಾಂಶದ ಒಳಗಿನಿಂದಲೇ ಆಗಬೇಕು. ಕ್ಯಾಟಲಾಗ್‌ನ ಬ್ಯಾಕಪ್ ಫೋಟೊಗಳ ಬ್ಯಾಕಪ್ ಅಲ್ಲ, ಫೋಟೊಗಳ ಬ್ಯಾಕಪ್ ಕ್ಯಾಟಲಾಗ್‌ನದ್ದೂ ಅಲ್ಲ. ಎರಡನ್ನೂ ಪ್ರತ್ಯೇಕವಾಗಿ ತೆಗೆಯಬೇಕು.

ರಾ ಹಂತದ ಕೆಲಸ

ಇಲ್ಲಿ ಹೇಳುವುದು ಕಡಿಮೆ. ಬೇಡದ ಚಿತ್ರಗಳನ್ನು ಬದಿಗಿರಿಸಿ, ಉಳಿದವುಗಳ ಲೆನ್ಸ್ ದೋಷ, ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವಂತೆ ಬಣ್ಣದ ಹೊಂದಿಕೆ), ಎಕ್ಸ್‌ಪೋಷರ್, ಬೆಳಕು ನೆರಳುಗಳ ಹೊಂದಾಣಿಕೆ, ಬಣ್ಣ, ಕೊನೆಗೆ ಆಯ್ದ ಭಾಗಕ್ಕಷ್ಟೇ ತಿದ್ದುಪಡಿ ತಾಗುವಂತೆ ಮಾಡುವ ಮಾಸ್ಕ್ ಬಳಸಿ ಒಂದೊಂದು ಭಾಗದ ತಿದ್ದುಪಡಿ ಎಂಬ ಕ್ರಮದಲ್ಲಿ ಸಾಗಬಹುದು. ಯಾವ ಸ್ಲೈಡರನ್ನು ಮೊದಲು ಎಳೆದಿರಿ ಎಂಬುದರಿಂದ ಫಲಿತಾಂಶ ಸಾಮಾನ್ಯವಾಗಿ ಬದಲಾಗುವುದಿಲ್ಲ, ಏಕೆಂದರೆ ಸೂಚನೆಗಳನ್ನು ತಂತ್ರಾಂಶ ತನ್ನದೇ ನಿಗದಿತ ಕ್ರಮದಲ್ಲಿ ಅನ್ವಯಿಸುತ್ತದೆ. ಕ್ರಮ ಬೇಕಾಗಿರುವುದು ನಮ್ಮ ಕಣ್ಣಿಗೆ. ತಪ್ಪು ವೈಟ್ ಬ್ಯಾಲೆನ್ಸ್ ಇಟ್ಟುಕೊಂಡು ಚರ್ಮದ ಬಣ್ಣ ಸರಿಪಡಿಸಲು ಹೊರಟರೆ ಎರಡೂ ಕೆಡುತ್ತವೆ. ಅದೇ ಚಿತ್ರದ ಕಪ್ಪುಬಿಳುಪು ರೂಪವೂ ಬೇಕಿದ್ದರೆ ಫೈಲನ್ನು ನಕಲು ಮಾಡುವ ಬದಲು ವರ್ಚುವಲ್ ಕಾಪಿ ಮಾಡಿಕೊಳ್ಳಿ. ಅದು ಇನ್ನೊಂದು ಸೂಚನೆಯ ಪಟ್ಟಿಯೇ ಹೊರತು ಇನ್ನೊಂದು ಚಿತ್ರವಲ್ಲ. ಲೈಟ್‌ರೂಮ್‌ನಲ್ಲಿ ಈ ವರ್ಚುವಲ್ ಕಾಪಿಗಳು ಸೈಡ್‌ಕಾರ್‌ಗೆ ಹೋಗದೆ ಕ್ಯಾಟಲಾಗ್‌ನಲ್ಲಷ್ಟೇ ಇರುತ್ತವೆ ಎಂಬುದು ಅದರ ಬ್ಯಾಕಪ್‌ಗೆ ಮತ್ತೊಂದು ಕಾರಣ.

ಲೇಯರ್‌ಗಳಿಗೆ ಹೋದಾಗ

ಕಲೆ ತೆಗೆಯುವುದು, ಎರಡು ಚಿತ್ರಗಳನ್ನು ಕೂಡಿಸುವುದು ಮೊದಲಾದ ಕೆಲಸಗಳಿಗೆ ಒಂದರ ಮೇಲೊಂದಿಟ್ಟ ಪದರಗಳಲ್ಲಿ, ಅಂದರೆ ಲೇಯರ್‌ಗಳಲ್ಲಿ, ಕೆಲಸ ಮಾಡುವ ಫೋಟೊಶಾಪ್‌ನಂಥ ತಂತ್ರಾಂಶ ಬೇಕಾಗುತ್ತದೆ. ಪಿಕ್ಸೆಲ್‌ಗಳನ್ನೇ ತಿದ್ದುವ ಈ ಜಗತ್ತಿನಲ್ಲಿ ಮೂಲ ಉಳಿಯುವುದು ನಮ್ಮ ಶಿಸ್ತಿನಿಂದ ಮಾತ್ರ. ರಾ ಹಂತದಿಂದ ಚಿತ್ರವನ್ನು 16 ಬಿಟ್‌ನಲ್ಲಿ, ಸಾಧ್ಯವಾದರೆ ಸ್ಮಾರ್ಟ್ ಆಬ್ಜೆಕ್ಟ್ ಆಗಿ ತೆರೆಯಿರಿ. 2005ರಲ್ಲಿ ಫೋಟೊಶಾಪ್ ಸಿಎಸ್2ರೊಂದಿಗೆ ಬಂದ ಈ ಸೌಲಭ್ಯ ಮೂಲವನ್ನು ಒಂದು ಪೆಟ್ಟಿಗೆಯಲ್ಲಿಟ್ಟಂತೆ ಕಾಪಾಡುತ್ತದೆ. ಅದರ ಮೇಲೆ ಹಾಕಿದ ಫಿಲ್ಟರ್‌ನ ಅಳತೆಯನ್ನು ಮುಂದೆ ಯಾವಾಗ ಬೇಕಾದರೂ ಬದಲಿಸಬಹುದು. ಬೆಳಕು ಮತ್ತು ಬಣ್ಣಗಳಿಗೆ ನೇರ ಆದೇಶಗಳನ್ನು ಬಳಸದೆ, ತಿದ್ದುಪಡಿಯ ಸೂಚನೆಯನ್ನಷ್ಟೇ ಹೊತ್ತ ಅಡ್ಜಸ್ಟ್‌ಮೆಂಟ್ ಲೇಯರ್‌ಗಳನ್ನು ಬಳಸಿ. ಬೇಡದ ಭಾಗವನ್ನು ಎರೇಸರ್‌ನಿಂದ ಅಳಿಸದೆ ಮಾಸ್ಕ್‌ನಲ್ಲಿ ಕಪ್ಪು ಬಳಿದು ಮರೆಮಾಡಿ. ಅದೇ ಜಾಗಕ್ಕೆ ಬಿಳಿ ಬಳಿದರೆ ಅದು ಮರಳಿ ಬರುತ್ತದೆ. ಕ್ರಾಪ್ ಮಾಡುವಾಗ ‘ಡಿಲೀಟ್ ಕ್ರಾಪ್ಡ್ ಪಿಕ್ಸೆಲ್ಸ್’ ಎಂಬ ಗುರುತನ್ನು ತೆಗೆದುಹಾಕುವುದನ್ನು ಮರೆಯಬೇಡಿ.

ಕಲೆ ತೆಗೆಯುವ ವಿಚಾರದಲ್ಲಿ ಒಂದು ಕೆಟ್ಟ ರೂಢಿ ಬೇರೂರಿದೆ. ಹಿನ್ನೆಲೆಯ ಲೇಯರನ್ನು ನಕಲು ಮಾಡಿ ಆ ನಕಲಿನ ಮೇಲೆ ಕಲೆ ಮುಚ್ಚುವ ಹೀಲಿಂಗ್ ಬ್ರಷ್ ಓಡಿಸಿದರೆ ಮೂಲ ಕೆಳಗೆ ಉಳಿಯುತ್ತದೆ, ನಿಜ. ಆದರೆ ಆ ನಕಲು ಕೆಳಗಿನದೆಲ್ಲವನ್ನೂ ಪೂರ್ತಿ ಮುಚ್ಚಿಬಿಡುವುದರಿಂದ, ಮುಂದೆ ಕೆಳಗಿನ ಸ್ಮಾರ್ಟ್ ಆಬ್ಜೆಕ್ಟ್‌ನ ಎಕ್ಸ್‌ಪೋಷರ್ ಬದಲಿಸಿದರೂ ಪರದೆಯ ಮೇಲೆ ಏನೂ ಬದಲಾಗುವುದಿಲ್ಲ. ಫೈಲ್ ಮಾತ್ರ ಊದಿಕೊಳ್ಳುತ್ತದೆ. ಅದರ ಬದಲು ಒಂದು ಖಾಲಿ ಲೇಯರ್ ಸೇರಿಸಿ, ಬ್ರಷ್‌ನ ಸ್ಯಾಂಪಲ್ ಆಯ್ಕೆಯನ್ನು ‘ಕರೆಂಟ್ ಆ್ಯಂಡ್ ಬಿಲೋ’ (ಈ ಲೇಯರ್ ಮತ್ತು ಕೆಳಗಿನವು) ಎಂದಿಟ್ಟು ಕೆಲಸ ಮಾಡಿ. ಆಗ ಆ ಲೇಯರ್‌ನಲ್ಲಿ ತೇಪೆಗಳಷ್ಟೇ ಇರುತ್ತವೆ. ಕೆಳಗಿನ ಬೆಳಕು ತೀರ ಬದಲಾದರೆ ತೇಪೆಗಳು ಎದ್ದು ಕಾಣಬಹುದು, ಹಾಗಾಗಿ ರಾ ಹಂತವನ್ನು ಆದಷ್ಟು ಮುಗಿಸಿಯೇ ಇಲ್ಲಿಗೆ ಬರುವುದು ಒಳ್ಳೆಯದು. ಉಚಿತ ತಂತ್ರಾಂಶವಾದ ಗಿಂಪ್ ಬಳಸುವವರಿಗೂ 2025ರಲ್ಲಿ ಬಿಡುಗಡೆಯಾದ 3.0 ಆವೃತ್ತಿಯಿಂದ ಫಿಲ್ಟರ್‌ಗಳನ್ನು ಮರುತಿದ್ದಬಹುದಾದ ರೂಪದಲ್ಲಿ ಇಟ್ಟುಕೊಳ್ಳುವ ಸೌಕರ್ಯ ಸಿಕ್ಕಿದೆ.

ಕೆಲಸ ಮುಗಿದ ಮೇಲೆ ಲೇಯರ್‌ಗಳನ್ನು ಫ್ಲ್ಯಾಟನ್ ಮಾಡದೆ, ಅಂದರೆ ಒಂದಾಗಿ ಬೆಸೆಯದೆ, ಪಿಎಸ್‌ಡಿ (ಫೋಟೊಶಾಪ್‌ನ ಫೈಲ್ ರೂಪ) ಅಥವಾ ಟಿಫ್ ಆಗಿ ಉಳಿಸಿ. ಪಿಎಸ್‌ಡಿಯ ಮಿತಿ 2 ಗಿಗಾಬೈಟ್. ಅದನ್ನು ಮೀರಿದರೆ ಪಿಎಸ್‌ಬಿ ರೂಪವಿದೆ.

ಹೊರಕಳಿಸುವ ಪ್ರತಿ

ಜಾಲತಾಣಕ್ಕಾದರೆ ಎಸ್‌ಆರ್‌ಜಿಬಿ ಎಂಬ ಸಾಮಾನ್ಯ ಬಣ್ಣಮಿತಿಯ ಜೆಪೆಗ್ ಸಾಕು. 8×12 ಇಂಚಿನ ಮುದ್ರಣಕ್ಕೆ ಇಂಚಿಗೆ 300 ಪಿಕ್ಸೆಲ್ ಲೆಕ್ಕದಲ್ಲಿ 2400×3600 ಪಿಕ್ಸೆಲ್ ಬೇಕು. ಅಂಚುಗಳನ್ನು ಚೂಪಾಗಿಸುವ ಅಂತಿಮ ಶಾರ್ಪನಿಂಗ್ ಈ ಅಳತೆಗೆ ಇಳಿಸಿದ ನಂತರ ಆಗಬೇಕು. ಇಂಥ ಪ್ರತಿಗಳನ್ನು ಬೇರೆಯೇ ಫೋಲ್ಡರ್‌ನಲ್ಲಿಡಿ, ಅವುಗಳ ಮೇಲೆ ಮತ್ತೆ ತಿದ್ದುವ ಕೆಲಸ ಬೇಡ. ಜೆಪೆಗ್ ಚಿತ್ರವನ್ನು 8×8 ಪಿಕ್ಸೆಲ್‌ಗಳ ತುಂಡುಗಳಾಗಿ ಕತ್ತರಿಸಿ ಸೂಕ್ಷ್ಮ ವಿವರಗಳನ್ನು ಕೈಬಿಡುವುದರಿಂದ, ತಿದ್ದಿ ಮರಳಿ ಸೇವ್ ಮಾಡಿದಾಗಲೆಲ್ಲ ನಷ್ಟ ಕೂಡುತ್ತಾ ಹೋಗುತ್ತದೆ. ಚಿಕ್ಕ ಬದಲಾವಣೆ ಬೇಕಾದರೂ ಮೂಲಕ್ಕೆ ಹಿಂದಿರುಗಿ, ಸೂಚನೆ ತಿದ್ದಿ, ಹೊಸ ಪ್ರತಿ ತೆಗೆಯಿರಿ.

ಕ್ರಮ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆ ಮಾಡಬಹುದು. ಬ್ಯಾಕಪ್ ಡಿಸ್ಕ್‌ನಲ್ಲಿರುವ ಕ್ಯಾಟಲಾಗ್ ಮತ್ತು ಒಂದು ಹಳೆಯ ಫೋಲ್ಡರನ್ನು ಇನ್ನೊಂದು ಕಂಪ್ಯೂಟರ್‌ಗೆ ಕಾಪಿ ಮಾಡಿ ತೆರೆಯಿರಿ. ಫೋಲ್ಡರ್‌ನ ಹೊಸ ಜಾಗವನ್ನು ತೋರಿಸಿಕೊಟ್ಟ ಮೇಲೆ ನೀವು ಮಾಡಿದ ತಿದ್ದುಪಡಿಗಳೆಲ್ಲ ಕಾಣಿಸಬೇಕು, ರಿಸೆಟ್ ಒತ್ತಿದಾಗ ಕ್ರಾಪ್‌ನಲ್ಲಿ ಮರೆಯಾಗಿದ್ದ ಅಂಚುಗಳೂ ಸೇರಿ ಕ್ಯಾಮೆರಾದಿಂದ ಬಂದಂತೆಯೇ ಚಿತ್ರ ಮೂಡಬೇಕು. ಎರಡರಲ್ಲಿ ಯಾವುದಾದರೂ ಒಂದು ಆಗದಿದ್ದರೆ, ಹಳೆಯ ಡಿಸ್ಕ್ ಇನ್ನೂ ಓಡುತ್ತಿರುವಾಗಲೇ ಕಾರಣ ಹುಡುಕಿ.