ಗೋಡೆಯ ಪುಟ್ಟಿ ಒಣಗುವಷ್ಟರಲ್ಲಿ ನಾಲ್ಕು ಸಾಲು ಹೆಣಿಗೆ

ನಲ್ಲಿ ತೊಟ್ಟಿಕ್ಕುತ್ತಿದೆ. ಗೋಡೆಯಲ್ಲಿ ಮೊಳೆ ಕಿತ್ತ ತೂತು ಹಾಗೇ ಇದೆ. ಮಕ್ಕಳ ಶಾಲೆಗೆ ಹೋಗಿ ಬರಬೇಕು, ಹಿರಿಯರನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಬೇಕು. ಅರ್ಧ ಹೆಣೆದ ಸ್ವೆಟರ್ ಮಾತ್ರ ಚೀಲದಲ್ಲಿ ಮುದುಡಿ ಬಿದ್ದಿದೆ. ಎಲ್ಲ ಕೆಲಸ ಮುಗಿಸಿ ನೆಮ್ಮದಿಯಾಗಿ ಹೆಣೆಯೋಣ ಅಂದುಕೊಂಡರೆ ಅದು ಅಲ್ಲೇ ಇರುತ್ತದೆ. ಮನೆಗೆಲಸ ಮುಗಿಯಿತು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಯಾವುದು ಮುಖ್ಯ, ಯಾವುದು ಅಲ್ಲ ಎಂದು ಪಟ್ಟಿ ಮಾಡಿದರೆ ಕೈಕಸುಬಿಗೆ ಯಾವತ್ತೂ ಕೊನೆಯ ಜಾಗವೇ. ಅದರ ಬದಲು ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿ: ನಡುವೆ ಬಿಟ್ಟು ಏಳಬಹುದಾ, ಏಳಬಾರದಾ? ಇಡೀ ವಾರ ಅದರ ಸುತ್ತ ತಾನಾಗಿ ಜೋಡಣೆಯಾಗುತ್ತದೆ.

ಮೊದಲು ಪಟ್ಟಿ

ಒಂದು ಹಾಳೆಯಲ್ಲಿ ರಿಪೇರಿಗಳನ್ನೆಲ್ಲ ಬರೆಯಿರಿ. ನೀರು ಸೋರುವುದು, ಸ್ವಿಚ್‌ನಲ್ಲಿ ಕಿಡಿ ಹಾರುವುದು ಮೊದಲಿಗೆ. ಬಿಟ್ಟಷ್ಟೂ ಹೆಚ್ಚುವಂಥವು, ಅಂದರೆ ತೇವ ಹಿಡಿದ ಗೋಡೆ, ಸಡಿಲವಾದ ಕೀಲು, ಆಮೇಲೆ. ಬರೀ ಕಣ್ಣಿಗೆ ಚೆನ್ನಾಗಿ ಕಾಣದಿರುವುದು ಕೊನೆಗೆ.

ಈಗ ಪ್ರತಿಯೊಂದರ ಪಕ್ಕ ಎರಡು ಸಮಯ ಬರೆಯಿರಿ. ಕೈ ಆಡಿಸುವ ಸಮಯ ಎಷ್ಟು, ಸುಮ್ನೆ ಕಾಯುವ ಸಮಯ ಎಷ್ಟು. ಗೋಡೆಯ ತೂತನ್ನೇ ನೋಡಿ. ಪುಟ್ಟಿ, ಅಂದರೆ ತೂತು ಮುಚ್ಚುವ ಮೆತ್ತನೆಯ ಮಿಶ್ರಣ, ತುಂಬಲು ಹತ್ತು ನಿಮಿಷ ಸಾಕು. ಅದು ಒಣಗಲು ಕೆಲವು ಗಂಟೆ ಬೇಕು, ತೂತು ಆಳವಾಗಿದ್ದರೆ ಇನ್ನೂ ಜಾಸ್ತಿ. ಮರಳು ಕಾಗದದಲ್ಲಿ ತಿಕ್ಕಲು ಐದು ನಿಮಿಷ. ಬಣ್ಣಕ್ಕೆ ಮೊದಲು ಬಳಿಯುವ ಪ್ರೈಮರ್ ಹಚ್ಚಿ ಮತ್ತೆ ಕಾಯಬೇಕು. ನೀರಿನಲ್ಲಿ ಕಲಸುವ ಬಣ್ಣದ ಎರಡು ಕೋಟ್‌ಗಳ ನಡುವೆ ಸುಮಾರು 4 ಗಂಟೆ ಬಿಡಬೇಕು. ಒಟ್ಟು ಲೆಕ್ಕ ಹಾಕಿದರೆ ನಿಮ್ಮ ಕೈಗೆ ಒಂದು ಗಂಟೆಯ ಕೆಲಸವೂ ಇಲ್ಲ. ಉಳಿದದ್ದೆಲ್ಲ ಒಣಗುವ ಹೊತ್ತು. ಹೆಣಿಗೆ, ಕಸೂತಿ, ಕೊಕ್ಕೆಯಲ್ಲಿ ಹೆಣೆಯುವ ಕ್ರೋಶಾಗೆ ಸಮಯ ಸಿಗುವುದು ಅಲ್ಲೇ.

ನಡುವೆ ಏಳಬಾರದ ಕೆಲಸ

ಇಂಥ ಕೆಲಸ ದಿನಕ್ಕೆ ಒಂದೇ ಇರಲಿ. ಕೈ ಹಾಕುವ ಮೊದಲು ಮನೆಯವರಿಗೆ ಹೇಳಿ. 'ಆಮೇಲೆ ನೀರು ನಿಲ್ಲಿಸ್ತೀನಿ' ಅಂದರೆ ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. 'ಹತ್ತರಿಂದ ಹನ್ನೊಂದರವರೆಗೆ ನೀರು ಬರಲ್ಲ' ಅಂದರೆ ಬಕೆಟ್ ತುಂಬಿಸಿಕೊಳ್ಳುತ್ತಾರೆ.

ತಿರುಗಿಸುವ ನಲ್ಲಿ ತೊಟ್ಟಿಕ್ಕುತ್ತಿದ್ದರೆ ಹೆಚ್ಚಿನ ಸಲ ಕಾರಣ ಒಳಗಿನ ರಬ್ಬರ್ ವಾಷರ್. ಬಳಸಿ ಬಳಸಿ ಅದು ಗಟ್ಟಿಯಾಗಿ, ಸವೆದಿರುತ್ತದೆ. ನಲ್ಲಿಗೆ ನೀರು ಬರುವ ವಾಲ್ವ್ ಮುಚ್ಚಿ. ನಲ್ಲಿ ತೆರೆದು ಪೈಪಿನಲ್ಲಿ ಉಳಿದ ನೀರನ್ನು ಹರಿಯಲು ಬಿಡಿ. ಸಿಂಕಿನ ತೂತಿಗೆ ಒಂದು ಬಟ್ಟೆ ತುರುಕಿ, ಇಲ್ಲದಿದ್ದರೆ ಸ್ಕ್ರೂ ಜಾರಿ ಬೀಳುವುದು ಅಲ್ಲಿಗೇ. ಬಿಚ್ಚುವ ಒಂದೊಂದು ಹಂತಕ್ಕೂ ಮೊಬೈಲ್‌ನಲ್ಲಿ ಫೋಟೊ ತೆಗೆದುಕೊಳ್ಳಿ. ಹಿಡಿ ತೆಗೆದು, ಸ್ಪ್ಯಾನರ್‌ನಿಂದ ಒಳಗಿನ ಭಾಗವನ್ನು ತಿರುಗಿಸಿ ಹೊರಗೆ ಎಳೆಯಿರಿ. ಅದರ ತುದಿಯಲ್ಲಿ ವಾಷರ್ ಇರುತ್ತದೆ. ಹಳೆಯದನ್ನು ಎಸೆಯಬೇಡಿ, ಅದೇ ಅಳತೆಯ ಹೊಸದು ತರಲು ಅದೇ ಸಾಕ್ಷಿ. ಒಂದೇ ಹಿಡಿಯನ್ನು ಎತ್ತಿ ಇಳಿಸುವ ಹೊಸ ಮಾದರಿಯಲ್ಲಿ ಸಾಮಾನ್ಯವಾಗಿ ವಾಷರ್ ಬದಲು ಕಾರ್ಟ್ರಿಜ್, ಅಂದರೆ ನೀರನ್ನು ಬಿಡುವ, ತಡೆಯುವ ಒಂದೇ ಬಿಡಿಭಾಗ ಇರುತ್ತದೆ. ಅದನ್ನು ಇಡಿಯಾಗಿ ಬದಲಿಸಬೇಕು.

ಬಚ್ಚಲಿನ ಅಂಚಿಗೆ ನೀರು ಸೋರದಂತೆ ಸಂದು ಮುಚ್ಚುವ ಸಿಲಿಕೋನ್ ಹಚ್ಚುವುದಿದ್ದರೆ ರಾತ್ರಿ ಎಲ್ಲರ ಸ್ನಾನ ಮುಗಿದ ಮೇಲೆ ಹಚ್ಚಿ. ಪೂರ್ತಿ ಗಟ್ಟಿಯಾಗಲು ಸುಮಾರು 24 ಗಂಟೆ ಬೇಕು. ಮರುದಿನ ಬೆಳಿಗ್ಗೆ ಎಲ್ಲರೂ ಎಲ್ಲಿ ಸ್ನಾನ ಮಾಡಬೇಕು ಎನ್ನುವುದು ಮೊದಲೇ ತೀರ್ಮಾನವಾಗಿರಲಿ. ಸಿಲಿಕೋನ್‌ಗಿಂತ ಕಷ್ಟದ ಭಾಗ ಇದೇ!

ಕೈಕಸುಬಿನ ಚೀಲ

ಸಿಕ್ಕ ಸಮಯ ಹುಡುಕಾಟದಲ್ಲೇ ಕಳೆಯಬಾರದು. ಒಂದು ಚೀಲದಲ್ಲಿ ಒಂದೇ ಕೆಲಸ ಇಡಿ: ದಾರ, ಸೂಜಿ ಅಥವಾ ಕೊಕ್ಕೆ, ಅದಕ್ಕೇ ಮೀಸಲಾದ ಪುಟ್ಟ ಕತ್ತರಿ, ಪೆನ್ಸಿಲ್, ಚೀಟಿ. ಮನೆಯ ಕತ್ತರಿಯನ್ನು ನಂಬಬೇಡಿ, ಬೇಕಾದಾಗ ಅದು ಇನ್ನೊಬ್ಬರ ಕೈಯಲ್ಲಿರುತ್ತದೆ.

ನಿಲ್ಲಿಸುವುದಕ್ಕೂ ಕ್ರಮವಿದೆ. ಕಡ್ಡಿ ಹೆಣಿಗೆಯನ್ನು ಸಾಲಿನ ನಡುವೆ ಬಿಡಬೇಡಿ. ಕುಣಿಕೆ ಜಾರಬಹುದು, ಮತ್ತೆ ಹಿಡಿದಾಗ ಯಾವ ಕಡೆಗೆ ಹೋಗುತ್ತಿದ್ದೆವು ಎಂಬುದೂ ಗೊಂದಲ. ಸಾಲು ಮುಗಿಸಿ, ಎಷ್ಟನೆಯದು ಎಂದು ಬರೆದಿಡಿ. ಕ್ರೋಶಾ ಆದರೆ ಕೊನೆಯ ಕುಣಿಕೆಯನ್ನು ಉದ್ದಕ್ಕೆ ಎಳೆದು ಸೇಫ್ಟಿ ಪಿನ್ ಸಿಕ್ಕಿಸಿ. ಆಮೇಲೆ ಮಗು ದಾರ ಎಳೆದರೂ ಬಿಚ್ಚಿಕೊಳ್ಳುವುದಿಲ್ಲ. ಕಸೂತಿ ಎತ್ತಿಡುವಾಗ ಬಟ್ಟೆಯನ್ನು ಚೌಕಟ್ಟಿನಿಂದ ಬಿಡಿಸಿಡಿ. ತುಂಬಾ ದಿನ ಹಾಗೇ ಇದ್ದರೆ ಚೌಕಟ್ಟಿನ ಗುರುತು ಉಳಿದುಬಿಡುತ್ತದೆ.

ಎಲ್ಲ ಕಸುಬೂ ಈ ಬಿಡುವಿಗೆ ಹೊಂದುವುದಿಲ್ಲ. ಕಲಸಿದ ಮೇಲೆ ಗಟ್ಟಿಯಾಗುವ ರೆಸಿನ್ ದ್ರವ ನಿಮಗಾಗಿ ಕಾಯುವುದಿಲ್ಲ, ಅದನ್ನು ನಲ್ಲಿ ರಿಪೇರಿಯ ಗುಂಪಿಗೇ ಸೇರಿಸಿ. ಲೆಕ್ಕ ಹಾಕಿ ಹೊಲಿಯುವ ಕ್ರಾಸ್ ಸ್ಟಿಚ್ ಮನೆ ನಿಶ್ಶಬ್ದವಾದ ಮೇಲೆ. ಡಾಕ್ಟರ ಬಾಗಿಲಲ್ಲಿ ಕಾಯುವಾಗ, ಅತ್ತೆಯವರ ಮಾತಿಗೆ ಹೂಂಗುಟ್ಟುವಾಗ ಲೆಕ್ಕವಿಲ್ಲದ ಸಾದಾ ಸಾಲುಗಳು ಒಳ್ಳೆಯದು. ಕೈ ಆಡುತ್ತಿದ್ದರೂ ಕಣ್ಣೆತ್ತಿ ಮಾತಾಡಬಹುದು.

ಮನೆಯವರ ಪಾಲು

ಸಂಬಂಧಿಕರ ಕೆಲಸಗಳಿಗೆ ದಿನಾಂಕ ಮೊದಲೇ ಗೊತ್ತಿರುತ್ತದೆ, ಅವನ್ನು ಕ್ಯಾಲೆಂಡರ್‌ನಲ್ಲಿ ಗುರುತಿಸಿ. ಅದರ ಹಿಂದಿನ ದಿನ ಬಿಚ್ಚುವ ರಿಪೇರಿ ಬೇಡ. ಮಗುವಿಗೆ ಉಡುಗೊರೆ ಹೆಣೆಯುವುದಿದ್ದರೆ ಕೊಡುವ ದಿನದಿಂದ ಹಿಂದಕ್ಕೆ ಎಣಿಸಿ. ಒಗೆದು, ಆಕಾರಕ್ಕೆ ಹರಡಿ ಒಣಗಿಸಲು ಒಂದೆರಡು ದಿನ ಬೇಕು. ನೇತಾಡುವ ತುದಿ ದಾರಗಳನ್ನು ಒಳಗೆ ಸೇರಿಸಿ ಹೊಲಿಯಲು ಒಂದು ಸಂಜೆ. ಇಷ್ಟು ಕಳೆದು ಉಳಿದದ್ದು ಹೆಣೆಯುವ ಸಮಯ. ಅದು ಕಂಬಳಿಗೆ ಸಾಲದೆ? ಟೋಪಿ ಹೆಣೆಯಿರಿ. ಮಗುವಿಗೇನೂ ಬೇಜಾರಾಗುವುದಿಲ್ಲ.

ಮಕ್ಕಳಿಗೆ ಟಾರ್ಚ್ ಹಿಡಿಯುವ, ಸ್ಕ್ರೂಗಳನ್ನು ಅಳತೆ ಪ್ರಕಾರ ಡಬ್ಬಿಗೆ ಹಾಕುವ ಕೆಲಸ ಕೊಡಿ. ಕೆಲಸ ನಿಧಾನವಾಗುತ್ತದೆ ನಿಜ, ಆದರೆ ಪಕ್ಕದ ಕೋಣೆಯಿಂದ 'ಅಮ್ಮಾ' ಅನ್ನುವ ಕೂಗು ಕಡಿಮೆಯಾಗುತ್ತದೆ. ಗೋಡೆ ತಿಕ್ಕುವಾಗ ಮಾತ್ರ ಅವರು ಹತ್ತಿರ ಇರಬಾರದು. ತುಂಬಾ ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಅದರ ಧೂಳು ಮಕ್ಕಳಿಗೂ ಗರ್ಭಿಣಿಯರಿಗೂ ಅಪಾಯ. ಅನುಮಾನವಿದ್ದರೆ ಒಣಗಿದ್ದಾಗ ತಿಕ್ಕಲೇಬೇಡಿ, ತಿಳಿದವರಿಗೆ ತೋರಿಸಿ. ಹೆಣಿಗೆಯ ಚೀಲವೂ ಆ ಕೋಣೆಯಿಂದ ಆಚೆ ಹೋಗಲಿ. ಎಳೆಗಳಲ್ಲಿ ಕೂತ ಪುಟ್ಟಿ ಪುಡಿ ಸುಲಭಕ್ಕೆ ಬಿಡುವುದಿಲ್ಲ.

ಗ್ಯಾಸ್ ಪೈಪು, ಮನೆಯ ಮುಖ್ಯ ವಿದ್ಯುತ್ ಬೋರ್ಡ್, ಛಾವಣಿ ಇವಕ್ಕೆ ನೀವು ಕೈ ಹಾಕಬೇಡಿ, ಗೊತ್ತಿರುವವರನ್ನು ಕರೆಸಿ. ಅವರು ಹೇಳಿದ ಹೊತ್ತಿಗೆ ಬರುವುದು ಅಪರೂಪ, ಮನೆ ಬಿಟ್ಟು ಹೋಗುವಂತೆಯೂ ಇಲ್ಲ. ಎಲ್ಲರೂ ಮುಂದಕ್ಕೆ ತಳ್ಳುವ ತುದಿ ದಾರ ಹೊಲಿಯುವ ಕೆಲಸವನ್ನು ಆ ದಿನಕ್ಕೇ ಎತ್ತಿಡಿ.