ಗ್ವಾದಲಹಾರಾಕ್ಕೆ ಬರುವವರಿಗೆ ಬಚ್ಚಲುಮನೆಯ ಸ್ಪ್ಯಾನಿಷ್

ರೆಸಿಡೆಂಟ್ ಕಾರ್ಡು, ಕುರ್ಪ್ ನಂಬರು (ನಮ್ಮ ಆಧಾರ್ ನಂಬರಿನ ಥರದ್ದು), ಬಾಡಿಗೆ ಕರಾರು ಇವಕ್ಕೆಲ್ಲ ಕಂಪನಿಯವರನ್ನೇ ಹಿಡಿಯಿರಿ, ಹೇಗೋ ಆಗುತ್ತೆ. ಮೆಕ್ಸಿಕೊದ ಈ ಊರಲ್ಲಿ ಕೈಕೊಡುವುದು ನಲ್ಲಿ.

ಸ್ಪೇನಿನ ಪುಸ್ತಕ ಓದಿ ಬಂದವರಿಗಂತೂ ಪಜೀತಿ ಖಂಡಿತ. ಅಲ್ಲಿ ನಲ್ಲಿಗೆ ಗ್ರೀಫೊ, ಶವರಿಗೆ ದೂಚಾ, ಪ್ಲಂಬರನಿಗೆ ಫೊಂತಾನೇರೊ. ಮೆಕ್ಸಿಕೊದಲ್ಲಿ ಯಾವೆ, ರೆಗಾದೆರಾ, ಪ್ಲೊಮೇರೊ. ಯಾವೆ ಅಂದರೆ ಬೀಗದಕೈಯೂ ಹೌದು. ಫೋನಿನಲ್ಲಿ ಬರೀ ‘ಯಾವೆ ಕೆಟ್ಟಿದೆ’ ಅಂದರೆ ಓನರಮ್ಮ ಬೀಗ ರಿಪೇರಿಯವನನ್ನು ಕಳಿಸಿಯಾರು. ‘ಲಾ ಯಾವೆ ಗೊತೇಆ’, ತೊಟ್ಟಿಕ್ಕುತ್ತಿದೆ, ಅನ್ನಿ. ತಾಸಾ ಕಾಫಿ ಕಪ್ಪಿಗೂ ಸಲ್ಲುತ್ತದೆ, ಕಮೋಡಿಗೂ. ಕಮೋಡಿಗೆ ಎಸ್ಕುಸಾದೊ ಅಂದುಬಿಟ್ಟರೆ ಮರ್ಯಾದೆ ಉಳಿಯುತ್ತೆ.

ನಲ್ಲಿ ಮೇಲಿನ ‘ಸಿ’ ಕೋಲ್ಡ್ ಅಲ್ಲ ಮಾರಾಯ್ರೇ! ಅದು ಕಾಲ್ಯೆಂತೆ, ಬಿಸಿನೀರು. ತಣ್ಣೀರಿಗೆ ‘ಎಫ್’, ಫ್ರೀಯಾ. ಕೈ ಸುಟ್ಟುಕೊಳ್ಳದೆ ಇದನ್ನು ಕಲಿತ ಕನ್ನಡಿಗರು ನಾನು ಕಂಡಂತೆ ಯಾರೂ ಇಲ್ಲ.

ಉಳಿದಂತೆ ನೀರಿನ ಏರ್ಪಾಡು ನಮ್ಮೂರಿನದೇ. ನೆಲದಡಿ ಸಂಪು, ಅದು ಈ ಊರಲ್ಲಿ ಆಲ್ಹೀಬೆ. ಮೇಲೆ ಟ್ಯಾಂಕು, ಅದು ತಿನಾಕೊ. ನಾವು ಸಿಂಟೆಕ್ಸ್ ಅನ್ನುವ ಹಾಗೆ ಇವರು ರೊತೋಪ್ಲಾಸ್ ಅನ್ನುತ್ತಾರೆ. ಗೀಸರಿಗೆ ಬೋಯ್ಲೆರ್, ಬಕೆಟ್ಟಿಗೆ ಕುಬೇತಾ. ಮೊಗೆಯುವ ಚೊಂಬಿಗೆ ಹೀಕಾರಾ. ಮೂಲದಲ್ಲಿ ಅದು ಒಣಗಿದ ಕಾಯಿಯ ಬುರುಡೆ, ಈಗ ಪ್ಲಾಸ್ಟಿಕ್ ಮಗ್ಗಿಗೂ ಅದೇ ಹೆಸರು. ಮೊಗೆದು ಸುರಿದುಕೊಳ್ಳುವ ಸ್ನಾನಕ್ಕೆ ‘ಆ ಹಿಕರಾಸೋಸ್’ ಅನ್ನುತ್ತಾರೆ. ನಮ್ಮ ಮನೆಯಲ್ಲಿ ದಿನಾ ಹಾಗೇ ಅಂದಾಗ ಪಕ್ಕದ ಮನೆಯ ಸೆನ್ಯೋರಾ ಮುಖ ಸಣ್ಣದು ಮಾಡಿ, ತಮ್ಮ ಪ್ಲೊಮೇರೊ ನಂಬರು ಬರೆದುಕೊಟ್ಟರು. ಅವರಿಗದು ನೀರು ನಿಂತ ದಿನದ ಪಾಡು.

ಅವರನ್ನೇನು ಅನ್ನೋದು, ನನ್ನ ಮಗಳಿಗೂ ಹಾಗೇ. ಶಿವಮೊಗ್ಗದಲ್ಲಿ ಅವಳಜ್ಜಿ ಹಂಡೆಯಿಂದ ಬಿಸಿನೀರು ತೋಡಿ ಕೊಟ್ಟರೆ, “ಯಾಕಜ್ಜಿ, ರೆಗಾದೆರಾ ಕೆಟ್ಟಿದ್ಯಾ?” ಅಂದಳು. ಅತ್ತೆ ನನ್ನ ಮುಖ ನೋಡಿದರು. ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಿ, ಸುಣ್ಣ ಕೆಮ್ಮಣ್ಣು ಬಳಿದು, ಬಳ್ಳಿ ಸುತ್ತುವುದನ್ನು ಇವಳಿಗೆ ಬಾಯಲ್ಲಿ ಹೇಳಿ ಅರ್ಥ ಮಾಡಿಸುವುದು ಹೇಗೆ? ಈಗ ಕುಬೇತಾಕ್ಕೇ ಚೆಂಡುಹೂ ಕಟ್ಟಿ ಪೂಜೆ. ಹೂವಿಗೆ ಬರವಿಲ್ಲ, ನವೆಂಬರ್ ಮೊದಲಲ್ಲಿ ಇವರ ಸತ್ತವರ ಹಬ್ಬ, ಅಷ್ಟರಲ್ಲಿ ಮಾರ್ಕೆಟ್ಟೆಲ್ಲ ಚೆಂಡುಹೂವೇ.

ಇಷ್ಟು ಕಲಿತ ಮೇಲೆ ಪೆರುವಿನ ಲಿಮಾಕ್ಕೆ ವರ್ಗವಾದರೆ ಮತ್ತೆ ಓಂ ನಾಮ. ಅಲ್ಲಿ ಗ್ರೀಫೊ ಅಂದರೆ ಪೆಟ್ರೋಲ್ ಬಂಕು, ನಲ್ಲಿಗೆ ಕಾನ್ಯೊ. ಬ್ಯೂನಸ್ ಐರಿಸಿನಲ್ಲಿ ಕನೀಶಾ. ಎರಡೂ ಕಡೆ ಬಕೆಟ್ಟಿಗೆ ಬಾಲ್ದೆ. ಮಂಗಳೂರು ಕಡೆಯವರು ಧೈರ್ಯವಾಗಿ ಬಾಲ್ದಿ ಅನ್ನಿ, ತಂದುಕೊಡುತ್ತಾರೆ.